ಉಂಗುರಗಳ ನಡುವೆ ಒಂದು ಲೈಟ್ ಕರ್ವ್

2022ರ ಅಕ್ಟೋಬರ್ 9ರ ಗಾಮಾ ಕಿರಣ ಸ್ಫೋಟ, ಜಿಆರ್‌ಬಿ 221009ಎ, ಈವರೆಗೆ ಕಂಡವುಗಳಲ್ಲೇ ಅತಿ ಪ್ರಖರವಾದದ್ದು. ಅದರ ಎಕ್ಸ್-ರೇ ಆಫ್ಟರ್‌ಗ್ಲೋ, ಅಂದರೆ ಸ್ಫೋಟದ ನಂತರ ಉಳಿಯುವ ಹೊಳಪು, ಹೇಗೆ ಮಂಕಾಗುತ್ತಾ ಹೋಯಿತು ಅಂತ ನಾನೇ ಗ್ರಾಫ್ (ಲೈಟ್ ಕರ್ವ್) ಹಾಕಿ ನೋಡಬೇಕು ಅನ್ನಿಸಿತು. ಇಂಥ ಸ್ಫೋಟಗಳನ್ನು ಗಮನಿಸುವ ಸ್ವಿಫ್ಟ್ ಉಪಗ್ರಹದ ಡೇಟಾ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದಕ್ಕೆ ಬೇಕಾದ ನಾಸಾದ ಹೀಸಾಫ್ಟ್ ಅನ್ನುವ ಸಾಫ್ಟ್‌ವೇರ್ ಕೂಡ ಪುಕ್ಕಟೆ. ಇನ್‌ಸ್ಟಾಲ್ ಮಾಡುವಾಗ ಸ್ವಲ್ಪ ಗೋಳಾಡಿಸುತ್ತದೆ, ಅಷ್ಟೇ. ರೆಡಿಮೇಡ್ ಗ್ರಾಫ್ ಲೆಸ್ಟರ್ ವಿಶ್ವವಿದ್ಯಾಲಯದವರು ಕೊಡುತ್ತಾರೆ. ಅದನ್ನು ಕೊನೆಗೆ ಹೋಲಿಸಿ ನೋಡಲು ಇಟ್ಟುಕೊಂಡೆ.

ಮೊದಲು ತೀರ್ಮಾನಿಸಬೇಕಾದ್ದು ಸೊನ್ನೆ ಸಮಯ, ಅಂದರೆ ಕಾಲವನ್ನು ಎಲ್ಲಿಂದ ಎಣಿಸಬೇಕು ಅನ್ನೋದು. ಸ್ವಿಫ್ಟ್‌ನ ಟ್ರಿಗರ್, ಅಂದರೆ ಅದು ಹೊಳಪನ್ನು ಗುರುತಿಸಿದ ಕ್ಷಣ, 14:10 ಯುಟಿ (ವಿಶ್ವ ಸಮಯ). ಆದರೆ ಸ್ಫೋಟವನ್ನು ಫರ್ಮಿ ಉಪಗ್ರಹ 13:17ಕ್ಕೇ ಹಿಡಿದಿತ್ತು. ಅಂದರೆ 53 ನಿಮಿಷ ಬಿಟ್ಟು ಸ್ವಿಫ್ಟ್ ಕಂಡದ್ದು ಆಫ್ಟರ್‌ಗ್ಲೋವನ್ನೇ. ಅದರ ಎಕ್ಸ್-ರೇ ದೂರದರ್ಶಕ ಇನ್ನೂ 143 ಸೆಕೆಂಡ್ ಬಿಟ್ಟು ನೋಡಲು ಶುರುಮಾಡಿತು. ಸ್ವಿಫ್ಟ್‌ನ ಸೊನ್ನೆ ಇಟ್ಟು ಲಾಗ್ ಅಳತೆಯಲ್ಲಿ (ಒಂದೊಂದು ಹೆಜ್ಜೆಗೂ ಹತ್ತು ಪಟ್ಟು) ಗ್ರಾಫ್ ಹಾಕಿದರೆ ಆರಂಭದ ಭಾಗ ಹೆಚ್ಚುಕಡಿಮೆ ಸಪಾಟು. ಬೇರೆ ಎಷ್ಟೋ ಸ್ಫೋಟಗಳಲ್ಲಿ ಇಂಥ ಪ್ಲಾಟೋ ನಿಜವಾಗಿಯೂ ಇದೆ. ಒಳಗೊಂದು ಮ್ಯಾಗ್ನೆಟಾರ್ (ಅತಿ ಪ್ರಬಲ ಕಾಂತಕ್ಷೇತ್ರದ ನ್ಯೂಟ್ರಾನ್ ನಕ್ಷತ್ರ) ಹುಟ್ಟಿ ಶಕ್ತಿ ತುಂಬುತ್ತಿದೆ ಅಂತಲೂ ವಿವರಿಸುತ್ತಾರೆ. ಇಲ್ಲಿ ಮಾತ್ರ ಅದು ಬರೀ ಗಡಿಯಾರದ ಆಟ. ಫರ್ಮಿಯ ಸೊನ್ನೆ ಇಟ್ಟೆ. ಗೆರೆ ಸುಮಾರು 1.5ರ ಇಳಿಜಾರಿನಲ್ಲಿ ನೇರ ಇಳಿಯಿತು.

ಜಾಸ್ತಿ ಹೊತ್ತು ಹಿಡಿದದ್ದು ಬ್ಯಾಕ್‌ಗ್ರೌಂಡ್, ಅಂದರೆ ಸ್ಫೋಟದ ಅಳತೆಯಿಂದ ಕಳೆಯಬೇಕಾದ ಸುತ್ತಲಿನ ಆಕಾಶದ ಬೆಳಕು. ಸಾಮಾನ್ಯವಾಗಿ ಸ್ಫೋಟದ ಮೇಲೊಂದು ವೃತ್ತ, ಸುತ್ತ ಒಂದು ಅಗಲವಾದ ಬಳೆ ಎಳೆದರೆ ಮುಗಿಯಿತು. ಇಲ್ಲಿ ಆ ಬಳೆಯ ಜಾಗದಲ್ಲೇ ಎಕ್ಸ್-ರೇ ಉಂಗುರಗಳಿದ್ದವು, ಒಂದರ ಹೊರಗೆ ಇನ್ನೊಂದು. ನಮ್ಮ ಆಕಾಶಗಂಗೆಯ ಧೂಳಿನ ಪದರಗಳಿಗೆ ತಾಗಿ ಚದುರಿದ ಬೆಳಕು ಅದು. ದಿನ ಕಳೆದಂತೆ ಉಂಗುರಗಳು ದೊಡ್ಡದಾಗುತ್ತವೆ. ಹಾಗಾಗಿ ಇವತ್ತು ಖಾಲಿ ಇರುವ ಜಾಗ ನಾಳೆಗೆ ಖಾಲಿ ಇರುತ್ತದೆ ಅನ್ನುವ ಹಾಗಿಲ್ಲ. ಡಿಎಸ್9 ಅನ್ನುವ ಚಿತ್ರ ನೋಡುವ ಸಾಫ್ಟ್‌ವೇರ್‌ನಲ್ಲಿ ಒಂದೊಂದು ವೀಕ್ಷಣೆಯನ್ನೂ ತೆರೆದು, ಚಿತ್ರವನ್ನು ಸ್ವಲ್ಪ ಮಸುಕು ಮಾಡಿ, ಉಂಗುರ ಇಲ್ಲದ ಕಡೆ ಹೊಸದಾಗಿ ವೃತ್ತ ಎಳೆದೆ. ಸ್ಫೋಟ ಪ್ರಖರವಾಗಿದ್ದಾಗ ಇದರಿಂದ ಏನೂ ವ್ಯತ್ಯಾಸವಿಲ್ಲ. ಮಂಕಾದ ಮೇಲೆ ಇದೆ. ಧೂಳು ಕಡಿಮೆ ಶಕ್ತಿಯ ಎಕ್ಸ್-ರೇಯನ್ನೇ ಹೆಚ್ಚು ಚದುರಿಸುತ್ತದೆ. ಉಂಗುರ ಬ್ಯಾಕ್‌ಗ್ರೌಂಡಿಗೆ ನುಗ್ಗಿದರೆ ಸ್ಪೆಕ್ಟ್ರಮ್‌ನ (ಶಕ್ತಿವಾರು ಬೆಳಕಿನ ಹಂಚಿಕೆಯ) ಆ ತುದಿಯೇ ಕಳೆದುಹೋಗುತ್ತದೆ. ಅನಿಲ ಹೀರುವುದೂ ಆ ತುದಿಯನ್ನೇ, ಹಾಗಾಗಿ ನಡುವೆ ಇಲ್ಲದ ಅನಿಲ ಇದ್ದಂತೆ ಕಾಣುತ್ತದೆ.

ಇಷ್ಟು ಮಾಡಿದ ಮೇಲೆ ಉಂಗುರವನ್ನು ಅಳೆಯದೆ ಬಿಡೋದಕ್ಕಾಗುತ್ತಾ? ಲೆಕ್ಕ ಸುಲಭ. ಕಳೆದ ಕಾಲವನ್ನು ವರ್ಷಗಳಲ್ಲಿ ಬರೆದು ಎರಡರಿಂದ ಗುಣಿಸಿ, ಉಂಗುರದ ತ್ರಿಜ್ಯವನ್ನು ರೇಡಿಯನ್‌ನಲ್ಲಿ ಕೋನವಾಗಿ ಬರೆದು ಅದರ ವರ್ಗದಿಂದ ಭಾಗಿಸಿದರೆ ಧೂಳಿನ ದೂರ ಬೆಳಕಿನ ವರ್ಷಗಳಲ್ಲಿ ಬರುತ್ತದೆ. ಚಿತ್ರದಲ್ಲಿ ಒಂದು ಪಿಕ್ಸೆಲ್ 2.36 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3,600ರಲ್ಲಿ ಒಂದು ಭಾಗ). ಒಂದು ದಿನ ಕಳೆದಾಗ ಉಂಗುರದ ತ್ರಿಜ್ಯ 114 ಪಿಕ್ಸೆಲ್ ಇದ್ದರೆ ಧೂಳು ಸುಮಾರು 3,200 ಬೆಳಕಿನ ವರ್ಷ ದೂರದಲ್ಲಿದೆ. ನಾಲ್ಕನೇ ದಿನಕ್ಕೆ ಆ ತ್ರಿಜ್ಯ ದುಪ್ಪಟ್ಟಾಗಬೇಕು. ಇಲ್ಲಿ ಮಾತ್ರ 53 ನಿಮಿಷದ ತಲೆನೋವಿಲ್ಲ. ಯಾವ ಸೊನ್ನೆ ಇಟ್ಟರೂ ದೂರದಲ್ಲಿ ಶೇಕಡಾ 4ರಷ್ಟೂ ವ್ಯತ್ಯಾಸ ಬರುವುದಿಲ್ಲ. ಉಂಗುರದ ಅಂಚು ಗುರುತಿಸುವುದರಲ್ಲೇ ಅಷ್ಟು ಹೆಚ್ಚುಕಡಿಮೆ ಆಗಿರುತ್ತದೆ.