ಅಗ್ಗದ ಫ್ಯಾಂಟಸಿ ಬೊಂಬೆಗಳಿಗೆ ಬಣ್ಣ ಹಚ್ಚುವ ಬಗೆ

ಮೇಜಿನ ಮೇಲಿನ ಕದನದಾಟಗಳಲ್ಲಿ ಬಳಸುವ ಕಡಿಮೆ ಬೆಲೆಯ ಪುಟ್ಟ ಫ್ಯಾಂಟಸಿ ಬೊಂಬೆಗಳು ಹೆಚ್ಚಾಗಿ ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ಕಿನವು. ಕತ್ತಿ ಬಾಗಿರುತ್ತದೆ, ಮುಖದ ಗೆರೆ ಮಸುಕಾಗಿರುತ್ತದೆ, ಬಟ್ಟೆಯ ಮಡಿಕೆಗೆ ಆಳವೇ ಇರುವುದಿಲ್ಲ. ಅಚ್ಚು ಕೊಡದ ನೆರಳು-ಬೆಳಕನ್ನು ಇಲ್ಲಿ ಬ್ರಶ್ಶೇ ಕೊಡಬೇಕು. ಸಣ್ಣ ತಂಡಗಳು ಕಾದಾಡುವ ಸ್ಕರ್ಮಿಶ್ ಆಟಕ್ಕೆ ಸಾಮಾನ್ಯವಾಗಿ ಒಂದು ಕಡೆಗೆ 5ರಿಂದ 12 ಬೊಂಬೆ ಸಾಕು, ಹಾಗಾಗಿ ಒಂದೊಂದಕ್ಕೂ ಅಷ್ಟು ಗಮನ ಕೊಡುವುದು ಕಷ್ಟವಲ್ಲ.

ಮೊದಲು ತೊಳೆಯಿರಿ. ಅಚ್ಚಿನಿಂದ ಸಲೀಸಾಗಿ ಬಿಟ್ಟುಕೊಳ್ಳಲೆಂದು ಸವರಿದ ಜಿಡ್ಡು ಮೈಮೇಲೆ ಉಳಿದಿದ್ದರೆ ಬಣ್ಣ ಹಿಡಿಯದೆ ಹನಿಹನಿಯಾಗಿ ಸರಿಯುತ್ತದೆ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಹಳೆಯ ಹಲ್ಲುಜ್ಜುವ ಬ್ರಶ್ ಇದ್ದರಾಯಿತು. ಬಾಗಿದ ಈಟಿಯನ್ನು ಕುದಿದು ಕೆಳಗಿಳಿಸಿದ ನೀರಿನಲ್ಲಿ 20–30 ಸೆಕೆಂಡು ಅದ್ದಿ, ನೆಟ್ಟಗೆ ಮಾಡಿ, ಕೂಡಲೇ ಐಸ್ ನೀರಿಗೆ ಹಾಕಿ. ತಣ್ಣಗಾಗುವವರೆಗೆ ಕೈ ಬಿಡಬೇಡಿ, ಬಿಟ್ಟರೆ ಮತ್ತೆ ಬಾಗುತ್ತದೆ.

ಅಚ್ಚಿನ ಎರಡು ಭಾಗ ಸೇರಿದ ಕಡೆ ಏಣಿನಂಥ ಗೆರೆಯೊಂದು ಉಳಿದಿರುತ್ತದೆ. ಗಟ್ಟಿ ಪ್ಲಾಸ್ಟಿಕ್ಕಾದರೆ ಅರದಿಂದ ಉಜ್ಜಬಹುದು, ಪಿವಿಸಿಯನ್ನು ಉಜ್ಜಿದರೆ ನಾರೆದ್ದು ಮೊದಲಿಗಿಂತ ಕೆಡುತ್ತದೆ. ಹೊಸ ಬ್ಲೇಡನ್ನು ಬಹುತೇಕ ಮಲಗಿಸಿ ಹಿಡಿದು, ಬೆರಳಿನಿಂದ ಆಚೆಗೆ ತೆಳುವಾಗಿ ಕೊಯ್ಯಿರಿ. ಅಂಟಿಸಲು ಸೂಪರ್ ಗ್ಲೂ ಬೇಕು. ಪಾಲಿಸ್ಟೈರೀನಿಗೆಂದು ಮಾಡಿದ ಪ್ಲಾಸ್ಟಿಕ್ ಸಿಮೆಂಟ್ ಪಿವಿಸಿಯನ್ನು ಸರಿಯಾಗಿ ಬೆಸೆಯುವುದಿಲ್ಲ. ಬೊಂಬೆ ನಿಂತಿರುವ ಬಿಲ್ಲೆಯ, ಅಂದರೆ ಬೇಸಿನ ಮೇಲೆ ಫೆವಿಕಾಲ್‌ನಂಥ ಬಿಳಿ ಅಂಟು ಸವರಿ ಸಣ್ಣ ಮರಳು ಉದುರಿಸುವ ಕೆಲಸವನ್ನೂ ಈಗಲೇ ಮುಗಿಸಿಬಿಡಿ, ಬಣ್ಣ ಹಿಡಿಯಲೆಂದು ಮೊದಲು ಹಚ್ಚುವ ಪ್ರೈಮರ್ ಬಿದ್ದಾಗ ಮರಳು ಭದ್ರವಾಗುತ್ತದೆ.

ಪ್ರೈಮರ್ ಹಂತದಲ್ಲೇ ಅತಿ ಹೆಚ್ಚು ಬೊಂಬೆಗಳು ಕೆಡುವುದು. ಕೆಲವು ಸ್ಪ್ರೇಗಳ ದ್ರಾವಕ ಪಿವಿಸಿಯನ್ನು ಮೆತ್ತಗೆ ಮಾಡುವ ರಾಸಾಯನಿಕದೊಂದಿಗೆ ಸೇರಿ, ವಾರ ಕಳೆದರೂ ಮೈ ಅಂಟಂಟಾಗಿಯೇ ಉಳಿಯುತ್ತದೆ. ಬೇಸಿನ ಅಡಿಯಲ್ಲಿ ಸ್ವಲ್ಪ ಹೊಡೆದು ಒಂದು ದಿನ ಬಿಟ್ಟು ಮುಟ್ಟಿ ನೋಡಿ. ಅಂಟುವುದಾದರೆ ಬ್ರಶ್ಶಿನಲ್ಲಿ ಹಚ್ಚುವ ಅಕ್ರಿಲಿಕ್ ಪ್ರೈಮರನ್ನು ಎರಡು ತೆಳು ಪದರವಾಗಿ ಹಚ್ಚಿ. ಸ್ಪ್ರೇ ಒಗ್ಗಿದರೆ 20–25 ಸೆಂ.ಮೀ. ದೂರದಿಂದ, ಗಾಳಿಯಾಡುವ ಕಡೆ, ಮಾಸ್ಕ್ ಹಾಕಿಕೊಂಡು, ಕೈ ನಿಲ್ಲಿಸದೆ ಹೊಡೆಯಿರಿ. ತೀರಾ ದೂರವಾದರೆ ಬಣ್ಣ ಗಾಳಿಯಲ್ಲೇ ಒಣಗಿ ಮೈ ತರಿತರಿಯಾಗುತ್ತದೆ.

ಪ್ರೈಮರ್ ಕಪ್ಪಿರಲಿ. ಒಣಗಿದ ಮೇಲೆ ದೊಡ್ಡ, ಮೆತ್ತನೆಯ ಬ್ರಶ್ಶಿಗೆ ಬಿಳಿ ಬಣ್ಣ ತಾಗಿಸಿ, ಟಿಶ್ಯೂವಿನ ಮೇಲೆ ಬಹುಪಾಲು ಒರೆಸಿ, ತಲೆಯಿಂದ ಕೆಳಮುಖವಾಗಿ ಮಾತ್ರ ಸವರಿ. ಇದೇ ಡ್ರೈಬ್ರಶ್. ಮೇಲಿನಿಂದ ಬೆಳಕು ಬಿದ್ದಂತೆ ಉಬ್ಬುಗಳು ಬೆಳ್ಳಗಾಗಿ, ಕಂಕುಳು, ಗದ್ದದ ಅಡಿ, ಮೇಲಂಗಿಯ ಒಳಭಾಗ ಕಪ್ಪಾಗೇ ಉಳಿಯುತ್ತವೆ. ಎಲ್ಲಿ ಏನಿದೆ ಎಂಬುದು ಮೊದಲ ಬಾರಿಗೆ ಸ್ಪಷ್ಟವಾಗಿ ಕಾಣುವುದೇ ಆಗ. ಈ ಹತ್ತು ನಿಮಿಷವನ್ನು ಉಳಿಸಲು ಹೋಗಬೇಡಿ.

ಬಣ್ಣಕ್ಕೆ ಮೂರು ಬ್ರಶ್ ಸಾಕು: ಮೊನೆ ಚೂಪಾದ 1 ಅಥವಾ 2ನೇ ನಂಬರಿನ ದುಂಡು ಬ್ರಶ್, ಗೆರೆಗೆ ಒಂದು ಸಣ್ಣದು, ಡ್ರೈಬ್ರಶ್ಶಿಗೊಂದು. ತೀರಾ ಸಣ್ಣ ಬ್ರಶ್ಶಿನಲ್ಲಿ ಬಣ್ಣ ಬೊಂಬೆ ಮುಟ್ಟುವ ಮೊದಲೇ ಒಣಗುತ್ತದೆ. ಎರಡು ಪಾಲು ಅಕ್ರಿಲಿಕ್ ಬಣ್ಣಕ್ಕೆ ಒಂದು ಪಾಲು ನೀರಿನಿಂದ ಶುರುಮಾಡಿ, ಹಾಲಿನಷ್ಟು ತೆಳುವಾಗುವವರೆಗೆ ಹದ ಮಾಡಿ. ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಹಾಸಿ ಮೇಲೆ ಬೇಕಿಂಗ್ ಪೇಪರ್ ಇಟ್ಟರೆ ಹದ ಮಾಡಿದ ಬಣ್ಣ ಗಂಟೆಗಟ್ಟಲೆ ಒಣಗದು. ಒಂದೇ ದಪ್ಪ ಪದರ ಹಚ್ಚಿದರೆ ಇರುವ ಅಲ್ಪಸ್ವಲ್ಪ ವಿವರವೂ ಮುಚ್ಚಿಹೋಗುತ್ತದೆ, ಎರಡು ತೆಳು ಪದರ ಹಚ್ಚಿ.

ಉದಾಹರಣೆಗೆ ಗಾಬ್ಲಿನ್ ಒಂದನ್ನು, ಅಂದರೆ ಹಸಿರು ಮೈಯ ಕುಳ್ಳ ದುಷ್ಟಜೀವಿಯ ಬೊಂಬೆಯನ್ನು ತೆಗೆದುಕೊಳ್ಳಿ. ಒಳಗಿನಿಂದ ಹೊರಕ್ಕೆ ಬನ್ನಿ: ಮೊದಲು ಚರ್ಮ, ಆಮೇಲೆ ಬಟ್ಟೆ, ಬೆಲ್ಟು, ಕೊನೆಗೆ ಲೋಹ. ಚರ್ಮಕ್ಕೆ ಮಧ್ಯಮ ಹಸಿರು ಹಚ್ಚಿ, ಒಣಗಿದ ಮೇಲೆ ಕಂದು ವಾಶ್ ಬಿಡಿ; ವಾಶ್ ಎಂದರೆ ತಗ್ಗಿಗೆ ಇಳಿದು ನೆರಳು ಕೊಡುವ ನೀರುನೀರಾದ ಬಣ್ಣ. ಎಲ್ಲರೂ ಎಡವುವುದು ಇಲ್ಲಿ. ತಗ್ಗು ಆಳವಿಲ್ಲದ ಕಾರಣ ವಾಶ್ ತಗ್ಗಿಗೆ ಇಳಿಯದೆ ಸಮತಟ್ಟು ಜಾಗದಲ್ಲಿ ನಿಂತು, ಅಂಚಿನಲ್ಲಿ ಚಹಾ ಲೋಟದ ಕಲೆಯಂಥ ಉಂಗುರ ಬಿಡುತ್ತದೆ. ನಿಂತ ಹನಿಯನ್ನು ತಕ್ಷಣ ಒದ್ದೆ ಬ್ರಶ್ಶಿನಿಂದ ಹೀರಿ ತೆಗೆಯಿರಿ. ಅರ್ಧ ಒಣಗಿದ್ದರೆ ಮುಟ್ಟಬೇಡಿ, ಪೂರ್ತಿ ಒಣಗಿದ ಮೇಲೆ ಮೂಲ ಹಸಿರಿನಿಂದಲೇ ಆ ಜಾಗ ಮುಚ್ಚಿ.

ವಾಶ್ ಮಾಡದ ಕೆಲಸವನ್ನು ಗೆರೆ ಮಾಡುತ್ತದೆ. ನೀರು ಬೆರೆಸಿದ ಕಡುಕಂದು ಬಣ್ಣದಲ್ಲಿ ಬೆಲ್ಟು ಬಟ್ಟೆಗೆ ತಾಗುವಲ್ಲಿ, ತೋಳು ಎದೆಗೆ ತಾಗುವಲ್ಲಿ, ಬೆರಳುಗಳ ನಡುವೆ ಕೂದಲೆಳೆಯಷ್ಟು ಗೆರೆ ಎಳೆಯಿರಿ. ಆಮೇಲೆ ಹಸಿರಿಗೆ ಹಳದಿ ಬೆರೆಸಿ ಮೂಗಿನ ತುದಿ, ಕೆನ್ನೆಯ ಮೂಳೆ, ಕಿವಿಯಂಚು, ಬೆರಳಿನ ಗಂಟುಗಳಿಗೆ ಮುಟ್ಟಿಸಿ. ಬಿಳಿ ಬೆರೆಸಿದರೆ ಚರ್ಮ ಸುಣ್ಣ ಬಳಿದಂತೆ ಪೇಲವವಾಗುತ್ತದೆ. ಕಣ್ಣಿಗೆ ಹುಬ್ಬಿನಡಿ ಒಂದು ಕಡು ಗೆರೆ ಸಾಕು. ಮೇಜಿನ ಮೇಲೆ ಬೊಂಬೆಯನ್ನು ನೋಡುವುದು ತೋಳಳತೆಯ ದೂರದಿಂದ, ಅಲ್ಲಿಂದ ಬಿಳಿ ಚುಕ್ಕೆಯ ಕಣ್ಣು ಬೆಚ್ಚಿಬಿದ್ದಂತೆ ಕಾಣುತ್ತದೆ.

ಲೋಹದ ಬಣ್ಣಕ್ಕೆ ಬೇರೆ ನೀರಿನ ಲೋಟ ಇಡಿ, ಇಲ್ಲವಾದರೆ ಅದರ ಮಿನುಗು ಕಣಗಳು ಮುಂದಿನ ಎಲ್ಲ ಬಣ್ಣಕ್ಕೂ ಸೇರುತ್ತವೆ.

ಆಟದಲ್ಲಿ ಬೆರಳು ತಾಗುತ್ತಲೇ ಇರುವುದರಿಂದ ವಾರ್ನಿಷ್ ಬೇಕೇ ಬೇಕು. ಬಣ್ಣ ಒಂದು ದಿನ ಒಣಗಿದ ಮೇಲೆ ಮೊದಲು ಹೊಳಪಿನದು, ಆಮೇಲೆ ಮ್ಯಾಟ್, ಅಂದರೆ ಹೊಳಪಿಲ್ಲದ್ದು. ಮ್ಯಾಟ್ ಬಾಟಲಿಯನ್ನು ಚೆನ್ನಾಗಿ ಕುಲುಕದಿದ್ದರೆ ಅಥವಾ ತೇವದ ಹವೆಯಲ್ಲಿ ಸ್ಪ್ರೇ ಹೊಡೆದರೆ ಬಿಳಿ ಮಂಜು ಕಟ್ಟುತ್ತದೆ. ಅದರ ಮೇಲೆ ಮತ್ತೊಂದು ಪದರ ಹೊಳಪಿನ ವಾರ್ನಿಷ್ ಹಚ್ಚಿದರೆ ಎಷ್ಟೋ ಸಲ ಬಣ್ಣ ಮರಳಿ ಬರುತ್ತದೆ. ಈಟಿ, ಬಿಲ್ಲಿನಂಥ ತೆಳು ಭಾಗ ಬಾಗಿದಾಗ ಬಣ್ಣ ಬಿರುಕುಬಿಡುವುದುಂಟು, ಆದ್ದರಿಂದ ಬೊಂಬೆಯನ್ನು ಯಾವಾಗಲೂ ಬೇಸಿನಿಂದ ಹಿಡಿದೆತ್ತಿ.

ಬೇಸಿನ ಮರಳಿಗೆ ಕಂದು ಹಚ್ಚಿ, ತಿಳಿ ಬಣ್ಣದಲ್ಲಿ ಡ್ರೈಬ್ರಶ್ ಮಾಡಿ. ಸುತ್ತಂಚಿಗೆ ಇಡೀ ತಂಡಕ್ಕೆ ಒಂದೇ ಬಣ್ಣ ಇರಲಿ, ಆದರೆ ಒಂದೇ ಅಚ್ಚಿನ ಮೂರು ಗಾಬ್ಲಿನ್‌ಗಳಿದ್ದರೆ ಒಂದಕ್ಕೆ ಕೆಂಪು ಮುಂಡಾಸು, ಇನ್ನೊಂದಕ್ಕೆ ಹಳದಿ, ಮತ್ತೊಂದಕ್ಕೆ ನೀಲಿ ಕೊಡಿ. ಗಾಯಗೊಂಡವನು ಯಾರೆಂದು ಆಟದ ನಡುವೆ ಹುಡುಕಬೇಕಾಗುವುದಿಲ್ಲ. ಮುಖ ಯಾವ ಕಡೆಗಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಆಟವಾದರೆ, ಅಂಚಿನ ಮುಂಭಾಗದಲ್ಲಿ ಒಂದು ಸಣ್ಣ ಬಿಳಿ ಗೀಟು ಹಾಕಿ.