ಮೂವತ್ತು ದಾಟಿದ ಆಟಗಾರ, ಏಳೆಂಟು ವರ್ಷದ ಒಪ್ಪಂದ: ನಾನು ಸ್ಯಾಲರಿ ಕ್ಯಾಪ್ ಲೆಕ್ಕ ಹಾಕುವ ಬಗೆ

ಪ್ರತಿ ವರ್ಷ ಜೂನ್ ಕೊನೆಯಲ್ಲಿ ನಾನು ಕೆನಡಾದ ಐಸ್ ಹಾಕಿ ತಂಡ ವ್ಯಾಂಕೂವರ್ ಕನಕ್ಸ್‌ನ ಮುಂದಿನ ಏಳೆಂಟು ವರ್ಷಗಳ ಸಂಬಳದ ಲೆಕ್ಕವನ್ನು ಹೊಸದಾಗಿ ಕಟ್ಟುತ್ತೇನೆ. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಒಪ್ಪಂದ ಮುಗಿದ, ನಿರ್ಬಂಧವಿಲ್ಲದ ಆಟಗಾರರು ಜುಲೈ 1ರಂದು ಯಾವ ತಂಡಕ್ಕೆ ಬೇಕಾದರೂ ಸಹಿ ಹಾಕಬಹುದು. ಅಷ್ಟರೊಳಗೆ ಲೆಕ್ಕ ಸಿದ್ಧವಿರಬೇಕು. ನಾವು ಒಂದಷ್ಟು ಗೆಳೆಯರು ನಡೆಸುವ ಕಾಲ್ಪನಿಕ ಲೀಗಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ತಂಡ. ಆಟಗಾರರ ನಿಜವಾದ ಒಪ್ಪಂದ, ನಿಜವಾದ ಸ್ಯಾಲರಿ ಕ್ಯಾಪ್ (ತಂಡವೊಂದರ ಒಟ್ಟು ಸಂಬಳದ ಮಿತಿ), ನಿಜವಾದ ಬೈಔಟ್ (ಒಂದಷ್ಟು ಹಣ ಕೊಟ್ಟು ಒಪ್ಪಂದವನ್ನು ಮೊದಲೇ ಮುಗಿಸುವುದು) ನಿಯಮ. ನಿಜ ತಂಡದ ತಲೆಯ ಮೇಲಿರುವ ಹಳೆಯ ಹೊರೆಯೂ ನಮಗೆ ಬರುತ್ತದೆ. ನಾನು ವ್ಯಾಂಕೂವರ್ ಪಕ್ಕದ ಬರ್ನಬಿಯಲ್ಲಿ ಇರುವವನಾದ್ದರಿಂದ ವ್ಯಾಂಕೂವರ್ ನನ್ನ ಪಾಲಿಗೆ ಬಂತು. ಕೊಡಗಿನ ಕುಟುಂಬ ಹಾಕಿ ಪಂದ್ಯಾವಳಿ ನೋಡುತ್ತ ಬೆಳೆದ ನನಗೆ ಐಸ್ ಹಾಕಿ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಕಟ್ಟಡ ಕಾಮಗಾರಿಗಳ ವೆಚ್ಚ ನೋಡಿ ಹೊಟ್ಟೆ ಹೊರೆಯುವ ನನ್ನನ್ನು ಹೆಚ್ಚು ಸೆಳೆದದ್ದು ಆಟದ ಹಿಂದಿನ ಈ ಹಣದ ಲೆಕ್ಕವೇ.

ಐಪಿಎಲ್ ನೋಡುವವರಿಗೆ ತಂಡದ ಪರ್ಸ್ ಅಂದರೆ ಗೊತ್ತು; 2025ರ ಹರಾಜಿಗೆ ಅದು 120 ಕೋಟಿ ರೂಪಾಯಿ ಇತ್ತು. ಅಲ್ಲಿ ಮೆಗಾ ಹರಾಜು ಬಂದಾಗ ಕೆಲವರನ್ನು ಉಳಿಸಿಕೊಂಡು ಬಾಕಿ ತಂಡವನ್ನು ಹೊಸದಾಗಿ ಕಟ್ಟಬಹುದು. ಎನ್‌ಎಚ್‌ಎಲ್‌ನಲ್ಲಿ ಅಂಥ ಬಿಡುಗಡೆ ಇಲ್ಲ. 2004-05ರ ಇಡೀ ಸೀಸನ್ ಮಾಲೀಕರ ಮತ್ತು ಆಟಗಾರರ ಜಗಳದಲ್ಲಿ ಮುಳುಗಿಹೋದ ಮೇಲೆ 39 ಮಿಲಿಯನ್ ಡಾಲರ್ ಮಿತಿಯೊಂದಿಗೆ ಕ್ಯಾಪ್ ಬಂತು. ಒಬ್ಬ ಆಟಗಾರನ ಒಪ್ಪಂದದ ಒಟ್ಟು ಮೊತ್ತವನ್ನು ವರ್ಷಗಳಿಂದ ಭಾಗಿಸಿದರೆ ಬರುವ ಸರಾಸರಿಯೇ ಅವನ ಕ್ಯಾಪ್ ಹಿಟ್. ಈ ವರ್ಷ ಅವನ ಕೈಗೆ ಎಷ್ಟು ಡಾಲರ್ ಬಿತ್ತು ಎನ್ನುವುದು ಬೇರೆ ಮಾತು. ಕೈಗೆ ಬೀಳುವ ಹಣ, ಪುಸ್ತಕದಲ್ಲಿ ಕಾಣುವ ಹಣ, ಇವೆರಡರ ನಡುವಿನ ಅಂತರದಲ್ಲೇ ವಯಸ್ಸಾದ ಆಟಗಾರರ ದೀರ್ಘ ಒಪ್ಪಂದದ ಕಥೆಯೆಲ್ಲ ಇದೆ.

ವ್ಯಾಂಕೂವರಿನ ಮಟ್ಟಿಗೆ ಆ ಕಥೆ ಗೋಲ್‌ಕೀಪರ್ ರಾಬರ್ಟೊ ಲುವಾಂಗೊ ಅವರಿಂದ ಶುರು. 2009ರಲ್ಲಿ 12 ವರ್ಷಕ್ಕೆ 64 ಮಿಲಿಯನ್ ಡಾಲರ್ ಒಪ್ಪಂದ. ಮುಗಿಯುವ ಹೊತ್ತಿಗೆ ಅವರಿಗೆ 43. ಮೊದಲ ವರ್ಷ 10 ಮಿಲಿಯನ್ ಕೈಗೆ ಕೊಟ್ಟರು, ಕ್ಯಾಪಿನಲ್ಲಿ ಕಂಡದ್ದು 5.33. ಕೊನೆಯ ಎರಡು ವರ್ಷಕ್ಕೆ ತಲಾ ಒಂದೇ ಮಿಲಿಯನ್. ಯಾರೂ ಆಡುವುದಿಲ್ಲ ಎಂದು ಗೊತ್ತಿದ್ದ ವರ್ಷಗಳನ್ನು ಬಾಲದಂತೆ ಸೇರಿಸಿ ಸರಾಸರಿ ಇಳಿಸುವ ಉಪಾಯ ಅದು, ಮತ್ತು ಆಗ ಅದು ನಿಯಮದೊಳಗೇ ಇತ್ತು. ಲೀಗ್ ಮತ್ತು ಆಟಗಾರರ ನಡುವಿನ 2013ರ ಹೊಸ ಒಡಂಬಡಿಕೆ ಇದಕ್ಕೆ ರೀಕ್ಯಾಪ್ಚರ್ ಎಂಬ ದಂಡ ತಂದಿತು: ಒಪ್ಪಂದ ಮುಗಿಯುವ ಮೊದಲೇ ಆಟಗಾರ ನಿವೃತ್ತನಾದರೆ, ತಂಡ ಹಿಂದೆ ಉಳಿಸಿಕೊಂಡ ಕ್ಯಾಪನ್ನು ಬಾಕಿ ವರ್ಷಗಳಿಗೆ ಹಂಚಿ ವಾಪಸ್ ಕಟ್ಟಬೇಕು. ಲುವಾಂಗೊ 2014ರಲ್ಲೇ ಫ್ಲೋರಿಡಾಕ್ಕೆ ಹೋಗಿದ್ದರೂ, 2019ರಲ್ಲಿ ಅವರು ನಿವೃತ್ತರಾದಾಗ ವ್ಯಾಂಕೂವರ್ ಮೂರು ಸೀಸನ್ ಕಾಲ ವರ್ಷಕ್ಕೆ 3.035 ಮಿಲಿಯನ್ ಹೊತ್ತುಕೊಂಡಿತು. ಆಗ ಕ್ಯಾಪ್ 81.5 ಮಿಲಿಯನ್. ಊರಲ್ಲೇ ಇಲ್ಲದ ಆಟಗಾರನಿಗೆ ನೂರಕ್ಕೆ 3.7.

ನನ್ನ ಶೀಟಿನಲ್ಲಿ ಪ್ರತಿ ಒಪ್ಪಂದಕ್ಕೂ ಸೀಸನ್‌ಗೊಂದು ಸಾಲು. ಕಾಲಂಗಳು ಇವು: ಅಕ್ಟೋಬರ್‌ಗೆ ಆಟಗಾರನ ವಯಸ್ಸು, ಕ್ಯಾಪ್ ಹಿಟ್, ಅದು ಆ ವರ್ಷದ ಕ್ಯಾಪಿನಲ್ಲಿ ಶೇಕಡಾ ಎಷ್ಟು, ಕೈಗೆ ಬೀಳುವ ಸಂಬಳ, ಅದರಲ್ಲಿ ಸೈನಿಂಗ್ ಬೋನಸ್ (ಸಹಿ ಹಾಕಿದ್ದಕ್ಕೆಂದು ಕೊಡುವ ಹಣ) ಎಷ್ಟು, ಆ ಬೇಸಿಗೆಯಲ್ಲಿ ಬೈಔಟ್ ಮಾಡಿದರೆ ಉಳಿಯುವ ಹೊರೆ. ಡಾಲರ್ ಅಂಕಿಯನ್ನು ನಾನು ಕೊನೆಗೆ ನೋಡುತ್ತೇನೆ. ಶೇಕಡಾ ಮತ್ತು ಬೈಔಟ್, ಈ ಎರಡು ಕಾಲಂ ಮೊದಲು.

ಬೈಔಟ್ ಕಾಲಂ ಹೇಗೆ ತುಂಬುತ್ತೇನೆ ಎನ್ನುವುದನ್ನು ಆಲಿವರ್ ಎಕ್‌ಮನ್-ಲಾರ್ಸನ್ ಅವರ ಸಾಲಿನಿಂದಲೇ ತೋರಿಸಬೇಕು. ಏಕೆಂದರೆ ಅದು ನಾನು ಬಹಳ ಸಲ ತಿದ್ದಿ ತೀಡಿದ ಸಾಲು.

2021ರ ಜುಲೈ 23ರಂದು ವ್ಯಾಂಕೂವರ್ ಅರಿಜೋನಾಕ್ಕೆ ಲೂಯಿ ಎರಿಕ್ಸನ್, ಜೇ ಬೀಗಲ್, ಆಂಟ್ವಾನ್ ರೂಸೆಲ್ ಮೂವರನ್ನು ಕೊಟ್ಟಿತು. ಜೊತೆಗೆ ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಆ ವರ್ಷದ ಡ್ರಾಫ್ಟಿನ 9ನೇ ಆಯ್ಕೆಯೂ ಹೋಯಿತು, ಅದರಿಂದ ಅರಿಜೋನಾ ಡಿಲನ್ ಗೆಂತರ್ ಅವರನ್ನು ಆರಿಸಿಕೊಂಡಿತು. ಬದಲಿಗೆ ಬಂದವರು ಎಕ್‌ಮನ್-ಲಾರ್ಸನ್ ಮತ್ತು ಕಾನರ್ ಗಾರ್ಲಂಡ್. ಗಾರ್ಲಂಡ್ ಒಳ್ಳೆಯ ಗಳಿಕೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಳಿಸಿದ ಮೂವರ ಒಟ್ಟು 12 ಮಿಲಿಯನ್ ಹೊರೆಗೆ ಉಳಿದಿದ್ದದ್ದು ಒಂದೇ ವರ್ಷ. ಲುವಾಂಗೊ ದಂಡ ಮುಗಿಯಲಿದ್ದದ್ದೂ ಅದೇ ವರ್ಷ. ಸುಮ್ಮನೆ ಕಾದಿದ್ದರೆ 2022ರ ಬೇಸಿಗೆಯಲ್ಲಿ 15 ಮಿಲಿಯನ್ ತಾನಾಗಿ ಬಿಡುಗಡೆಯಾಗುತ್ತಿತ್ತು. ಬದಲಿಗೆ ಆಗಷ್ಟೇ 30 ತುಂಬಿದ್ದ ಡಿಫೆನ್ಸ್ ಆಟಗಾರನ ಆರು ವರ್ಷ ಬಂತು. ಅರಿಜೋನಾ ಅವರ ಸಂಬಳದ ಶೇಕಡಾ 12 ತಾನೇ ಹೊತ್ತ ಮೇಲೂ ವರ್ಷಕ್ಕೆ 7.26 ಮಿಲಿಯನ್.

ಎರಡು ಸೀಸನ್ ಕಳೆದು 2023ರ ಜೂನ್‌ನಲ್ಲಿ ಬೈಔಟ್. 26 ತುಂಬಿದ ಆಟಗಾರನಿಗೆ ಬಾಕಿ ಸಂಬಳದ ಮೂರನೇ ಎರಡು ಪಾಲನ್ನು, ಉಳಿದ ವರ್ಷಗಳ ದುಪ್ಪಟ್ಟು ಕಾಲಕ್ಕೆ ಹಂಚಿ ಕೊಡಬೇಕು ಎನ್ನುವುದು ನಿಯಮ. ಸೈನಿಂಗ್ ಬೋನಸ್‌ಗೆ ಈ ರಿಯಾಯಿತಿ ಇಲ್ಲ, ಅದನ್ನು ಪೂರ್ತಿ ಕೊಡಬೇಕು. ಬಾಕಿ ನಾಲ್ಕು ವರ್ಷದ ಸಂಬಳ 29 ಮಿಲಿಯನ್. ಅದರ ಮೂರನೇ ಎರಡು ಪಾಲನ್ನು ಎಂಟು ವರ್ಷಕ್ಕೆ ಹಂಚಿ, ಅರಿಜೋನಾ ಪಾಲು ಕಳೆದರೆ ವ್ಯಾಂಕೂವರಿಗೆ ವರ್ಷಕ್ಕೆ 2.127 ಮಿಲಿಯನ್. ಇಲ್ಲಿಗೆ ನಿಲ್ಲಿಸಿದರೆ ಲೆಕ್ಕ ಹಗುರವಾಗಿ ಕಾಣುತ್ತದೆ. ಆದರೆ ಮೊದಲ ನಾಲ್ಕು ವರ್ಷ ಕ್ಯಾಪಿನ ಹೊರೆ ಅಷ್ಟೇ ಅಲ್ಲ. ಮೂಲ ಕ್ಯಾಪ್ ಹಿಟ್ಟಿನಿಂದ, ಆ ವರ್ಷ ನಿಜವಾಗಿ ಉಳಿದ ಸಂಬಳವನ್ನು ಮಾತ್ರ ಕಳೆಯಬೇಕು. 2025-26ರಲ್ಲಿ ವ್ಯಾಂಕೂವರ್ ಕೊಡಬೇಕಿದ್ದ ಸಂಬಳ 4.62; ಕೊಡುತ್ತಿರುವುದು 2.13; ಉಳಿತಾಯ 2.49. ಅದನ್ನು 7.26ರಿಂದ ಕಳೆದರೆ 4.77. ಹೀಗೆ 2023-24ರಲ್ಲಿ ಬರೀ 0.147 ಇದ್ದ ಹೊರೆ ಮರುವರ್ಷ 2.347 ಆಗಿ, ಆಮೇಲೆ ಎರಡು ವರ್ಷ 4.767ಕ್ಕೆ ಏರಿ, ನಂತರ 2030-31ರ ತನಕ 2.127ರಲ್ಲಿ ಎಳೆಯುತ್ತದೆ. ಬೈಔಟ್ ಸುದ್ದಿ ಬಂದ ದಿನ ಎಲ್ಲರೂ ಮೊದಲ ವರ್ಷದ ಅಂಕಿ ಹೇಳುತ್ತಾರೆ. ನಾನು ಮೂರನೆಯ ವರ್ಷದ್ದಕ್ಕೆ ಕಣ್ಣು ಹಾಯಿಸುತ್ತೇನೆ.

ಇದರಲ್ಲಿ ಆಟಗಾರನ ಯೋಗ್ಯತೆಯ ಪ್ರಶ್ನೆ ಕಡಿಮೆ. ಅದೇ ಎಕ್‌ಮನ್-ಲಾರ್ಸನ್ ಮುಂದಿನ ವರ್ಷ 2.25 ಮಿಲಿಯನ್‌ಗೆ ಫ್ಲೋರಿಡಾ ಸೇರಿ 2024ರಲ್ಲಿ ಎನ್‌ಎಚ್‌ಎಲ್ ಚಾಂಪಿಯನ್ನರ ಸ್ಟ್ಯಾನ್ಲಿ ಕಪ್ ಗೆದ್ದರು. ಆಮೇಲೆ ಟೊರೊಂಟೊ ಅವರನ್ನು ನಾಲ್ಕು ವರ್ಷಕ್ಕೆ, ವರ್ಷಕ್ಕೆ 3.5 ಮಿಲಿಯನ್ ಕೊಟ್ಟು ಕರೆದುಕೊಂಡಿತು. 32ನೇ ವಯಸ್ಸಿನಲ್ಲಿ ಅವರ ಆಟಕ್ಕೆ ಬೆಲೆ ಇತ್ತು, 7.26ರಷ್ಟು ಇರಲಿಲ್ಲ.

ದೀರ್ಘ ಒಪ್ಪಂದದ ಬಿಲ್ಲು ಕೊನೆಗೆ ಯಾರ ಕೈಗೆ ಬರುತ್ತದೆ ಎಂದು ನೋಡಲು ನಾನು ಇನ್ನೊಂದು ಕೆಲಸ ಮಾಡುತ್ತೇನೆ. ಹಿರಿಯರ ಸಾಲುಗಳ ಕೆಳಗೇ, ಮೊದಲ ಒಪ್ಪಂದ ಮುಗಿಯಲಿರುವ ಹುಡುಗರ ಸಾಲುಗಳನ್ನು ಇಡುತ್ತೇನೆ. 2021ರ ಶರತ್ಕಾಲದಲ್ಲಿ ವ್ಯಾಂಕೂವರಿಗೆ ಕ್ವಿನ್ ಹ್ಯೂಸ್, ಇಲಿಯಾಸ್ ಪೆಟರ್‌ಸನ್ ಇಬ್ಬರಿಗೂ ಒಟ್ಟಿಗೆ ಹೊಸ ಒಪ್ಪಂದ ಬೇಕಿತ್ತು. ಹ್ಯೂಸ್‌ಗೆ ಆರು ವರ್ಷಕ್ಕೆ ವರ್ಷಕ್ಕೆ 7.85 ಮಿಲಿಯನ್ ಸಿಕ್ಕಿತು. ಪೆಟರ್‌ಸನ್‌ಗೆ ಮೂರೇ ವರ್ಷ, 7.35. ಆ ಮೂರು ವರ್ಷ ಮುಗಿದ ಮೇಲೆ ಅವರ ಬೆಲೆ 11.6 ಮಿಲಿಯನ್, ಎಂಟು ವರ್ಷಕ್ಕೆ. ಹಳೆಯ ಹೊರೆ ಇಲ್ಲದಿದ್ದರೆ 2021ರಲ್ಲೇ ಇಬ್ಬರಿಗೂ ದೀರ್ಘ ಒಪ್ಪಂದದ ಮಾತಾಡುವಷ್ಟು ಜಾಗ ಇರುತ್ತಿತ್ತು ಎನ್ನುವುದು ನನ್ನ ಎಣಿಕೆ. ಮಿನೆಸೋಟದಲ್ಲಂತೂ ಇದು ಇನ್ನೂ ಸ್ಪಷ್ಟ. 2012ರ ಜುಲೈ 4ರಂದು ಝಾಕ್ ಪರೀಸೆ, ರಯಾನ್ ಸೂಟರ್ ಇಬ್ಬರಿಗೂ 13 ವರ್ಷಕ್ಕೆ ತಲಾ 98 ಮಿಲಿಯನ್ ಕೊಟ್ಟರು. ಕೊನೆಯ ಎರಡು ವರ್ಷದ ಸಂಬಳ ತಲಾ ಒಂದೇ ಮಿಲಿಯನ್, ಆದರೆ ಕ್ಯಾಪ್ ಹಿಟ್ 7.54. 2021ರಲ್ಲಿ ಇಬ್ಬರನ್ನೂ ಬೈಔಟ್ ಮಾಡಿದಾಗ ಉಳಿಸಲು ಹೆಚ್ಚು ಸಂಬಳವೇ ಇರಲಿಲ್ಲ. ಹಾಗಾಗಿ 2023-24ರಲ್ಲಿ 14.74 ಮಿಲಿಯನ್, ಅಂದರೆ 83.5 ಮಿಲಿಯನ್ ಕ್ಯಾಪಿನ ಶೇಕಡಾ 17.7, ಮಿನೆಸೋಟದಲ್ಲಿ ಇಲ್ಲದ ಇಬ್ಬರ ಹೆಸರಿಗೆ ಹೋಯಿತು. ಒಂದೇ ಸೀಸನ್‌ನಲ್ಲಿ 85 ಪಾಯಿಂಟ್ (ಗೋಲು ಮತ್ತು ಗೋಲಿಗೆ ನೆರವು ಸೇರಿ) ಗಳಿಸಿದ್ದ ಕೆವಿನ್ ಫಿಯಾಲಾ ಅವರನ್ನು 2022ರ ಬೇಸಿಗೆಯಲ್ಲಿ ಲಾಸ್ ಏಂಜಲೀಸ್‌ಗೆ ಬಿಟ್ಟುಕೊಡಬೇಕಾಯಿತು. ಹೋಲಿಕೆಗೆ ನೋಡಿ: ಅದೇ ತಂಡದ ಕಿರಿಲ್ ಕಪ್ರಿಜೋವ್ ಅವರ ವರ್ಷಕ್ಕೆ 17 ಮಿಲಿಯನ್ ಒಪ್ಪಂದ ಶುರುವಾಗುವ 2026-27ರಲ್ಲಿ ಅದು 104 ಮಿಲಿಯನ್ ಕ್ಯಾಪಿನ ಶೇಕಡಾ 16.3 ಮಾತ್ರ.

ಬೈಔಟ್ ಅಲ್ಲದೆ ಬೇರೆ ದಾರಿಗಳೂ ಇವೆ: ಸಂಬಳದ ಅರ್ಧದ ತನಕ ತಾವೇ ಉಳಿಸಿಕೊಂಡು ಮಾರುವುದು, ದೀರ್ಘಕಾಲದ ಗಾಯಾಳು ಪಟ್ಟಿಗೆ ಹಾಕುವುದು. ಗಾಯದಿಂದ ಆಟ ನಿಂತಿದ್ದ ಶೇ ವೆಬರ್ 2024ರಲ್ಲಿ ಹಾಕಿಯ ಹಾಲ್ ಆಫ್ ಫೇಮ್ ಸೇರಿದಾಗಲೂ ಅವರ 14 ವರ್ಷದ ಒಪ್ಪಂದ ಯೂಟಾ ತಂಡದ ಪುಸ್ತಕದಲ್ಲಿ ಜೀವಂತವಾಗಿತ್ತು. ಆದರೆ ಗಾಯವನ್ನು ಯೋಜನೆಯಲ್ಲಿ ಬರೆಯಲು ಬರುವುದಿಲ್ಲ, ಬರೆಯಲೂ ಬಾರದು.

ಕಳೆದ ಬೇಸಿಗೆ ಟೊರೊಂಟೊದಲ್ಲಿರುವ ನಮ್ಮ ಶಿವಮೊಗ್ಗದ ಗೆಳೆಯ ಫೋನಿನಲ್ಲಿ ವಾದಕ್ಕೆ ಇಳಿದ. "ಈಗ ಕ್ಯಾಪ್ ಏರ್ತಾ ಇದೆಯಲ್ಲೋ ಮಾರಾಯ. 95.5, ಆಮೇಲೆ 104, ಅದರ ಮೇಲೆ 113.5. ಇನ್ನೂ ಯಾಕೆ ವಯಸ್ಸು ನೋಡ್ತಾ ಕೂತಿದ್ದೀಯ?" ಅವನ ಮಾತಿನಲ್ಲಿ ಹುರುಳಿದೆ. ಸಿಡ್ನಿ ಕ್ರಾಸ್ಬಿ ಅವರ 8.7 ಮಿಲಿಯನ್ 2013-14ರಲ್ಲಿ ಕ್ಯಾಪಿನ ಶೇಕಡಾ 13.5 ಇತ್ತು, ಕೊನೆಯ ವರ್ಷದಲ್ಲಿ 9.9. 37ರಲ್ಲೂ ಅವರು ತಂಡದ ಮೊದಲ ಸಾಲಿನ ಆಟಗಾರ. ಹಳೆಯ ಒಪ್ಪಂದಗಳು ಅಷ್ಟು ಕಚ್ಚಿದ್ದು ಕ್ಯಾಪ್ ಮೂರು ಸೀಸನ್ 81.5ರಲ್ಲೇ ನಿಂತಿದ್ದರಿಂದ ಎನ್ನುವುದೂ ನಿಜ. ಆದರೂ ನಾನು ವಯಸ್ಸಿನ ಕಾಲಂ ತೆಗೆಯಲಿಲ್ಲ. ಕ್ಯಾಪ್ ಏರಿದರೆ ಎಲ್ಲ ತಂಡಕ್ಕೂ ಏರುತ್ತದೆ. ಎದುರಾಳಿ ಆ ಜಾಗದಲ್ಲಿ 24ರ ಹುಡುಗನನ್ನು ಕಟ್ಟಿಕೊಂಡರೆ, 35ರವನಿಗೆ ಕೊಟ್ಟ ನನ್ನ ಡಾಲರ್ ಅಷ್ಟೇ ಹಿಂದೆ ಬೀಳುತ್ತದೆ. ಬ್ರಾಡ್ ಮಾರ್ಶಾಂಡ್ ಅವರಿಗೆ 37ರಲ್ಲಿ ಆರು ವರ್ಷ ಕೊಟ್ಟ ಫ್ಲೋರಿಡಾ ಸರಾಸರಿಯನ್ನು 5.25ಕ್ಕೆ ಇಳಿಸಿಕೊಂಡಿತು. ಅಂಥ ಸಾಲಿನಲ್ಲಿ ನಾನು ಮೊದಲು ನೋಡುವುದು ಒಪ್ಪಂದ ಬರೆದ ರೀತಿ. 35 ತುಂಬಿದ ಮೇಲೆ ಮಾಡಿದ ಒಪ್ಪಂದದಲ್ಲಿ ಹಣ ಆರಂಭದ ವರ್ಷಗಳಲ್ಲೇ ಹೆಚ್ಚು ತುಂಬಿದ್ದರೆ, ಅಥವಾ ಮೊದಲ ವರ್ಷದ ನಂತರವೂ ಬೋನಸ್ ಇದ್ದರೆ, ಆಟಗಾರ ನಿವೃತ್ತನಾದರೂ ಕ್ಯಾಪಿನಿಂದ ಹೊರೆ ಇಳಿಯುವುದಿಲ್ಲ.

ಈಗ ಮೇಜಿನ ಮೇಲಿರುವುದು ವ್ಯಾಂಕೂವರಿನ ಬ್ರಾಕ್ ಬೆಸರ್ ಅವರ ಸಾಲು. 2025ರ ಜುಲೈ 1ರಂದು ಏಳು ವರ್ಷಕ್ಕೆ ಸಹಿ, ವರ್ಷಕ್ಕೆ 7.25 ಮಿಲಿಯನ್, ಮುಗಿಯುವಾಗ ಅವರಿಗೆ 35. ಮೊದಲ ವರ್ಷ ಶೇಕಡಾ 7.6, ಮೂರನೆಯ ವರ್ಷಕ್ಕೆ 6.4. ಅಲ್ಲಿಯ ತನಕ ನನಗೆ ಚಿಂತೆಯಿಲ್ಲ. 32 ದಾಟಿದ ಪ್ರತಿ ಸೀಸನ್‌ಗೆ ನಾನು ಆಟದ ಅಂದಾಜನ್ನು ಒಂದೊಂದು ಮೆಟ್ಟಿಲು ಇಳಿಸುತ್ತೇನೆ, ಗೋಲು ಹೊಡೆಯುವುದೇ ಮುಖ್ಯ ಕೆಲಸವಾಗಿರುವ ವಿಂಗ್ ಆಟಗಾರನಿಗೆ ಇನ್ನೂ ಸ್ವಲ್ಪ ಹೆಚ್ಚು. 2029-30ರ ಸಾಲಿಗೆ ಹಳದಿ ಬಣ್ಣ ಹಾಕಿದ್ದೇನೆ. ಆ ವರ್ಷ ಎಕ್‌ಮನ್-ಲಾರ್ಸನ್ ಅವರ 2.127 ಮಿಲಿಯನ್ ಇನ್ನೂ ಅದೇ ಪುಟದಲ್ಲಿ ಇರುತ್ತದೆ. ಬೆಸರ್ ಅವರನ್ನು ಮಾರುವುದಾದರೆ ಅದಕ್ಕಿಂತ ಎರಡು ಬೇಸಿಗೆ ಮೊದಲು, ಇನ್ನೂ ಕೊಳ್ಳುವವರು ಇರುವಾಗಲೇ ಎಂದು ಪಕ್ಕದಲ್ಲಿ ಬರೆದಿಟ್ಟಿದ್ದೇನೆ.