ಫ್ಯಾಟ್ ಟ್ರಾನ್ಸ್‌ಫರ್ ಎಷ್ಟು ದಿನ ಬರುತ್ತದೆ? ಮಾಡಿಸಿದ ಮೇಲೆ ನೋಡಿಕೊಳ್ಳುವುದು ಹೇಗೆ?

ಫ್ಯಾಟ್ ಟ್ರಾನ್ಸ್‌ಫರ್ ಅಂದರೆ ನಿಮ್ಮದೇ ಮೈಯ ಒಂದು ಕಡೆಯ ಕೊಬ್ಬು ತೆಗೆದು ಮುಖಕ್ಕೋ ಸ್ತನಕ್ಕೋ ಹಿಂಭಾಗಕ್ಕೋ ತುಂಬುವುದು. ನೇರವಾಗಿ ಹೇಳಿಬಿಡುತ್ತೇನೆ. ಹೊಸ ಜಾಗದಲ್ಲಿ ಬೇರು ಹಿಡಿದ ಕೊಬ್ಬು ವರ್ಷಗಟ್ಟಲೆ ಇರುತ್ತದೆ. ಹಿಡಿಯದ್ದು ಮೊದಲ ಕೆಲವು ತಿಂಗಳಲ್ಲೇ ಕರಗಿ ಹೋಗುತ್ತದೆ. ಹಾಕಿದ್ದರಲ್ಲಿ ಸಾಮಾನ್ಯವಾಗಿ ಶೇ. 30ರಿಂದ 70ರಷ್ಟು ಉಳಿಯುತ್ತದೆ ಅನ್ನುತ್ತಾರೆ. ಅಷ್ಟು ದೊಡ್ಡ ಅಂತರ ಯಾಕೆ ಅಂದರೆ ಅದು ಡಾಕ್ಟರ ಕೈ, ತುಂಬಿದ ಜಾಗ, ಆಮೇಲಿನ ನಿಮ್ಮ ನಡವಳಿಕೆ ಮೂರಕ್ಕೂ ಸೇರಿದ್ದು. 'ನೂರಕ್ಕೆ ನೂರು ಉಳಿಯುತ್ತೆ' ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಹೊಟ್ಟೆಯಿಂದಲೋ ತೊಡೆಯಿಂದಲೋ ತೆಗೆದ ಕೊಬ್ಬಿಗೆ ಹೊಸ ಜಾಗದಲ್ಲಿ ರಕ್ತನಾಳ ಇರುವುದಿಲ್ಲ. ಮೊದಲ ಕೆಲವು ದಿನ ಸುತ್ತಲಿನ ದ್ರವ ಹೀರಿಕೊಂಡೇ ಅದು ಬದುಕಬೇಕು, ಆಮೇಲೆ ಸಣ್ಣ ಸಣ್ಣ ನಾಳಗಳು ಬೆಳೆದು ಬರುತ್ತವೆ, ನೆಟ್ಟ ಅಗೆ ಬೇರು ಹಿಡಿದ ಹಾಗೆ. ಅದಕ್ಕೇ ಒಳ್ಳೆ ಡಾಕ್ಟರು ಒಂದೇ ಕಡೆ ಗುಡ್ಡೆ ಹಾಕದೆ ಚೂರು ಚೂರಾಗಿ ಹರಡಿ ತುಂಬುತ್ತಾರೆ.

ಈಗ ನಿಮ್ಮ ಕೆಲಸ. ತುಂಬಿದ ಜಾಗದ ಮೇಲೆ ಒತ್ತಡ ಬೀಳಬಾರದು. ಮುಖಕ್ಕೆ ಮಾಡಿಸಿದ್ದರೆ ಎರಡು ದಿಂಬು ಹಾಕಿ ಅಂಗಾತ ಮಲಗಿ. ಐಸ್ ಇಡುವುದು, ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುವುದು ಬೇಡ, ನೋಡಲು ಬಂದ ಚಿಕ್ಕಮ್ಮ ಪ್ರೀತಿಯಿಂದ ಕೆನ್ನೆ ಹಿಂಡಲು ಬಂದರೆ ಅದೂ ಬೇಡ. ಹಿಂಭಾಗಕ್ಕೆ ಮಾಡಿಸಿದವರ ಪಾಡು ಕಷ್ಟ. ಎರಡು ವಾರವಾದರೂ ನೇರವಾಗಿ ಕೂರಬಾರದು ಅಂತಾರೆ. ಹುಬ್ಬಳ್ಳಿಯಲ್ಲಿ ಮಾಡಿಸಿ ಮಾರನೇ ದಿನವೇ ಅರಬೈಲು ಘಟ್ಟ ಇಳಿದು ಕಾರವಾರಕ್ಕೆ ಬಸ್ಸಲ್ಲಿ ಬರುತ್ತೇನೆ ಅನ್ನುವವರು ದುಡ್ಡು ಕೊಟ್ಟು ಹಾಕಿಸಿಕೊಂಡದ್ದರ ಮೇಲೆ ತಾವೇ ಕೂತು ಬರುತ್ತಾರೆ. ಕೆಲವು ದಿನ ಅಲ್ಲೇ ಉಳಿಯುವ ವ್ಯವಸ್ಥೆ ಮೊದಲೇ ಮಾಡಿಕೊಳ್ಳಿ.

ಇನ್ನು ಕವಳ, ಅಂದರೆ ಹೊಗೆಸೊಪ್ಪು ಹಾಕಿದ ಎಲೆ-ಅಡಿಕೆ. ನಮ್ಮ ಶಿರಸಿ ಕಡೆ ಇದನ್ನು ಯಾರೂ ಚಟ ಅಂತ ಲೆಕ್ಕಕ್ಕೇ ಇಡುವುದಿಲ್ಲ, ಡಾಕ್ಟರು 'ಸಿಗರೇಟು ಇದೆಯಾ' ಅಂತ ಕೇಳಿದರೆ ಆರಾಮಾಗಿ ಇಲ್ಲ ಅನ್ನುತ್ತಾರೆ, ಅಲ್ವಾ? ಆದರೆ ಹೊಗೆಸೊಪ್ಪಿನಲ್ಲೂ ಇರುವುದು ಅದೇ ನಿಕೋಟಿನ್. ಅದು ರಕ್ತನಾಳ ಬಿಗಿ ಮಾಡುತ್ತದೆ, ಕೊಬ್ಬು ಹಸಿವಿನಿಂದ ಸಾಯುತ್ತದೆ. ಕನಿಷ್ಠ 4 ವಾರ ಮೊದಲು, 4 ವಾರ ಆಮೇಲೆ ಪೂರ್ತಿ ಬಿಡಿ. ಡಾಕ್ಟರಿಗೂ ನಿಜ ಹೇಳಿ.

ಕೊಬ್ಬು ತೆಗೆದ ಕಡೆ ಬಿಗಿ ಉಡುಪು ಹಾಕಿಕೊಳ್ಳಬೇಕಾಗುತ್ತದೆ. ಏಪ್ರಿಲ್-ಮೇ ಸೆಕೆಯಲ್ಲಿ ಕರಾವಳಿಯಲ್ಲಿ ಅದು ಬೆವರುಸಾಲೆಗೆ ದಾರಿ. ಸಾಧ್ಯವಾದರೆ ಚಳಿಗಾಲದಲ್ಲಿ ಮಾಡಿಸಿ.

ಕನ್ನಡಿ ವಿಷಯದಲ್ಲಿ ತಾಳ್ಮೆ ಬೇಕು. ಮೊದಲ ಎರಡು ಮೂರು ವಾರ ಕಾಣುವುದರಲ್ಲಿ ಊತವೇ ಜಾಸ್ತಿ. ಅದು ಇಳಿಯುವಾಗ 'ಅಯ್ಯೋ ಎಲ್ಲ ಹೋಯಿತು' ಅನಿಸುತ್ತದೆ, ಎಲ್ಲ ಹೋಗಿರುವುದಿಲ್ಲ. ತಿಂಗಳಿಗೊಮ್ಮೆ ಅದೇ ಕಿಟಕಿ ಪಕ್ಕ, ಅದೇ ಹೊತ್ತಿಗೆ ಫೋಟೋ ತೆಗೆದಿಡಿ, ದಿನಾ ಸುಮ್ನೆ ನೋಡಬೇಡಿ. 3ರಿಂದ 6 ತಿಂಗಳಿಗೆ ಉಳಿದದ್ದೇ ನಿಮ್ಮದು. ಮನೆಯಲ್ಲಿ ಮದುವೆ ಇದ್ದರೆ ಆರು ತಿಂಗಳು ಮೊದಲೇ ಮಾಡಿಸಿ.

ಉಳಿದ ಮೇಲೆ ತೂಕ ನೋಡಿಕೊಳ್ಳಿ. ಹೊಟ್ಟೆಯ ಕೊಬ್ಬು ಕೆನ್ನೆಗೆ ಬಂದರೂ ಹಳೇ ಬುದ್ಧಿ ಬಿಡುವುದಿಲ್ಲ. ನೀವು ದಪ್ಪಗಾದರೆ ಅದೂ ಉಬ್ಬುತ್ತದೆ, ಸೊರಗಿದರೆ ಅದೂ ಸೊರಗುತ್ತದೆ. ವಯಸ್ಸಂತೂ ಯಾರನ್ನೂ ಬಿಡುವುದಿಲ್ಲ. ಸ್ತನಕ್ಕೆ ಮಾಡಿಸಿದವರು ಮುಂದೆ ಮ್ಯಾಮೋಗ್ರಾಂ (ಸ್ತನದ ಎಕ್ಸ್‌ರೇ) ಮಾಡಿಸುವಾಗ ತಪ್ಪದೆ ಹೇಳಿ, ಸತ್ತ ಕೊಬ್ಬು ಎಣ್ಣೆ ಗುಳ್ಳೆಯಾಗಿ, ಸುಣ್ಣದ ಚುಕ್ಕೆಯಾಗಿ ಅಲ್ಲಿ ಕಾಣಬಹುದು.

ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಮುಖಕ್ಕೆ ಮಾಡಿಸಿದ ಮೇಲೆ ಕಣ್ಣು ಮಂಜಾದರೆ ಬೆಳಗಿನ ತನಕ ಕಾಯಬೇಡಿ, ತಕ್ಷಣ ಹತ್ತಿರದ ಆಸ್ಪತ್ರೆಗೆ ಓಡಿ. ಅಪರೂಪ, ಆದರೆ ಕೊಬ್ಬು ರಕ್ತನಾಳಕ್ಕೆ ಹೋದರೆ ಪ್ರಾಣಕ್ಕೆ, ಕಣ್ಣಿಗೆ ಕುತ್ತು. ಹಿಂಭಾಗಕ್ಕೆ ಮಾಡಿಸುವವರು 'ಚರ್ಮದಡಿಗೆ ಮಾತ್ರ ತಾನೇ, ಸ್ನಾಯುವಿಗೆ ಹಾಕಲ್ಲ ತಾನೇ' ಅಂತ ಮೊದಲೇ ಕೇಳಿ. ಡಾಕ್ಟರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ (ಈಗಿನ ಹೆಸರು ಡಿಆರ್‌ಎನ್‌ಬಿ) ಪದವಿ ಮಾಡಿದವರಾ ಅಂತಲೂ ಕೇಳಿ, ನಾಚಿಕೆ ಬೇಡ.

ಕಡಿಮೆ ಉಳಿದರೆ ಎರಡನೇ ಸಲ ತುಂಬಿಸಬಹುದು, ಆದರೆ ಆ 3ರಿಂದ 6 ತಿಂಗಳು ಮುಗಿದ ಮೇಲೆ. ಅದಕ್ಕೆ ಬೇರೆ ಬಿಲ್ಲಾ, ಮೊದಲಿನದರಲ್ಲೇ ಸೇರಿದೆಯಾ ಅನ್ನುವುದನ್ನು ಅಡ್ವಾನ್ಸ್ ಕಟ್ಟುವ ಮೊದಲೇ ಬರೆಸಿಕೊಳ್ಳಿ.